ಹೊಸೂರಿನ ಸ್ಕೂಟರು: ಟಿವಿಎಸ್ ಜ್ಯೂಪಿಟರ್ 125

ನಮ್ಮ ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟಿವಿಎಸ್ ಮೋಟಾರ್ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಹೊರತಂದ ಮಧ್ಯಮ ಗಾತ್ರದ ನಗರ ಸ್ಕೂಟರು ಇದು. ಒಂಟಿ ಸಿಲಿಂಡರಿನ ಎಂಜಿನ್ 124.8 ಸಿಸಿ ಸಾಮರ್ಥ್ಯದ್ದು. ಗೇರು ಬದಲಿಸುವ ಗೊಡವೆಯಿಲ್ಲ. ಎರಡು ರಾಟೆಗಳ ಮೇಲಿನ ಬೆಲ್ಟು ವೇಗಕ್ಕೆ ತಕ್ಕಂತೆ ತಾನೇ ಸರಿದು ಆ ಕೆಲಸ ಮಾಡುತ್ತದೆ.

ನಾವು ಮುಖ್ಯವೆಂದು ಎಣಿಸುವುದು ಪೆಟ್ರೋಲ್ ಟ್ಯಾಂಕಿನ ಸ್ಥಾನವನ್ನು. ಬಹುತೇಕ ಸ್ಕೂಟರುಗಳಲ್ಲಿ ಅದು ಆಸನದಡಿ, ಹಿಂಬದಿಯಲ್ಲಿರುತ್ತದೆ. ಹಿಂಭಾರವೂ ಹೆಚ್ಚು, ಸಾಮಾನಿಗೆ ಜಾಗವೂ ಕಡಿಮೆ. ಇಲ್ಲಿ 5.1 ಲೀಟರಿನ ಟ್ಯಾಂಕು ಸವಾರರು ಕಾಲಿಡುವ ಹಲಗೆಯ ಕೆಳಗಿದೆ. ಭಾರವು ನೆಲಕ್ಕೆ ಸಮೀಪವಾಗಿ, ವಾಹನದ ನಡುವೆ ನಿಲ್ಲುತ್ತದೆ. ಮುಂಭಾಗದಿಂದಲೇ ಪೆಟ್ರೋಲ್ ತುಂಬಿಸಬಹುದಾದ್ದರಿಂದ ಮಗುವನ್ನು ಇಳಿಸಿ ಆಸನ ಎತ್ತಬೇಕಿಲ್ಲ. ಆಸನದಡಿಯ 33 ಲೀಟರ್ ಜಾಗದಲ್ಲಿ ಎರಡು ಹೆಲ್ಮೆಟ್ ಹಿಡಿಯುತ್ತವೆ. ಇದು ಸಣ್ಣ ಮಾತಲ್ಲ. ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಬೇಕೆನ್ನುತ್ತದೆ ಕಾನೂನು. ಶಾಲೆಯ ಬಾಗಿಲಲ್ಲಿ ಮಗುವನ್ನು ಇಳಿಸಿದ ಮೇಲೆ ಅದನ್ನು ಎಲ್ಲಿಡುವುದೆಂಬ ನೆಪವೇ ಎಷ್ಟೋ ಮನೆಗಳಲ್ಲಿ ಆ ಹೆಲ್ಮೆಟನ್ನು ಗೂಟದಲ್ಲಿ ಉಳಿಸಿದೆ.

ಸಂಸ್ಥೆಯ ಮೂಲವು 1911ರಲ್ಲಿ ಟಿ.ವಿ. ಸುಂದರಂ ಅಯ್ಯಂಗಾರರು ಮಧುರೆಯಲ್ಲಿ ತೊಡಗಿದ ಸಾರಿಗೆ ವ್ಯವಹಾರದಲ್ಲಿದೆ. ಅದೇ ಬಳಗದ ಸುಂದರಂ ಕ್ಲೇಟನ್ 1962ರಲ್ಲಿ ಸ್ಥಾಪಿತವಾದದ್ದು ಭಾರವಾಹನಗಳ ಏರ್‌ಬ್ರೇಕ್ ತಯಾರಿಕೆಗಾಗಿ. ನಿಲ್ಲಿಸುವ ವಿದ್ಯೆ ಬಲ್ಲವರು ಮುಂದೆ ಓಡಿಸುವ ವಿದ್ಯೆಗೆ ಕೈಹಾಕಿದರೆನ್ನಬಹುದು. 1980ರಲ್ಲಿ ಹೊಸೂರಿನಿಂದ ಹೊರಟ ಟಿವಿಎಸ್ 50, ಇಬ್ಬರು ಕೂರಬಹುದಾದ ಮೊಪೆಡ್. ಬಳಿಕ ಜಪಾನಿನ ಸುಝುಕಿಯ ಸಹಯೋಗ ಬಂದಿತು. 2001ರಲ್ಲಿ ಅದು ಮುಗಿದಾಗ ಸಂಸ್ಥೆಯು ಸ್ವಂತ ವಿನ್ಯಾಸದ ವಿಕ್ಟರ್ ಬೈಕನ್ನು ಹೊರತಂದಿತು. ಮರುವರ್ಷ ಗುಣಮಟ್ಟಕ್ಕಾಗಿ ಜಪಾನಿನದೇ ಡೆಮಿಂಗ್ ಪ್ರಶಸ್ತಿ ಪಡೆಯಿತು.