ಕೆನ್ನಿವುಡ್ಡಿನ ಮರದ ಹಳಿ

ಮುಂಬೈ ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅದಕ್ಕೂ ಆರು ವರ್ಷ ಮೊದಲು, ಅಮೆರಿಕದ ಪಿಟ್ಸ್‌ಬರ್ಗ್ ಪಕ್ಕದ ಕೆನ್ನಿವುಡ್ ಪಾರ್ಕಿನಲ್ಲಿ ‘ಜಾಕ್ ರ‍್ಯಾಬಿಟ್’ ಎಂಬ ಮರದ ರೋಲರ್ ಕೋಸ್ಟರ್ ಎದ್ದು ನಿಂತಿತ್ತು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತೀರಾ? ಇದೆ, ಹೇಳ್ತೇನೆ.

ಆ ಪಾರ್ಕು ಶುರುವಾದದ್ದೇ ಲೆಕ್ಕಾಚಾರದಿಂದ. ವಾರದ ದಿನಗಳಲ್ಲಿ ಟ್ರಾಮು ತುಂಬಿ ಓಡುತ್ತಿತ್ತು, ಭಾನುವಾರ ಖಾಲಿ. ಅದಕ್ಕೆ ಅಲ್ಲಿಯ ಟ್ರಾಮ್ ಕಂಪನಿ 1898ರಲ್ಲಿ ಆಂಥೊನಿ ಕೆನ್ನಿ ಎಂಬ ರೈತನ ಜಮೀನನ್ನು ಗೇಣಿಗೆ ಹಿಡಿದು, ಜನ ರಜೆಯ ದಿನವೂ ಟಿಕೆಟ್ ಕೊಳ್ಳಲಿ ಅಂತ ಪಾರ್ಕು ಮಾಡಿತು. ಕಂಪನಿಯ ಹಿಂದೆ ಇದ್ದವರು ಮೆಲನ್ ಎಂಬ ಬ್ಯಾಂಕರ್ ಮನೆತನದವರು. ಜೀವನವೆಲ್ಲಾ ಲೆಡ್ಜರ್ ನೋಡಿದ ನನಗೆ ಈ ಬುದ್ಧಿ ತಕ್ಷಣ ಅರ್ಥವಾಯಿತು!

ಜಾಕ್ ರ‍್ಯಾಬಿಟ್ ವಿನ್ಯಾಸ ಜಾನ್ ಮಿಲ್ಲರ್ ಎಂಬಾತನದು. ಗಾಡಿಗೆ ಎಂಜಿನ್ನೇ ಇಲ್ಲ. ಸರಪಳಿ ಅದನ್ನು ದಿಬ್ಬಕ್ಕೆ ಎಳೆದು ಬಿಡುತ್ತದೆ, ಮುಂದಿನದ್ದು ಭೂಮಿಯ ಸೆಳೆತದ ಕೆಲಸ. ಜಾಗದಲ್ಲಿ ಒಂದು ಕಣಿವೆಯಿತ್ತು. ಮಿಲ್ಲರ್ ಅದನ್ನೇ ಬಳಸಿಕೊಂಡ, ಎತ್ತರದ ಗೋಪುರದ ಖರ್ಚು ಉಳಿಯಿತು. ದೊಡ್ಡ ಇಳಿತ ಸುಮಾರು 70 ಅಡಿ, ಅದೂ ಎರಡು ಮೆಟ್ಟಿಲಾಗಿ. ನಡುವೆ ಕೂತವರು ಸೀಟಿನಿಂದ ಮೇಲಕ್ಕೆ ಹಾರುತ್ತಾರೆ. ಗಾಡಿ ಮಾತ್ರ ಹಾರುವುದಿಲ್ಲ, ಯಾಕಂದ್ರೆ ಹಳಿಯ ಕೆಳಗಡೆಯೂ ಚಕ್ರಗಳಿವೆ. ಈ ಉಪಾಯಕ್ಕೆ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದಿದ್ದ. ಮರ ಬಿಸಿಲು ಮಳೆಗೆ ಹಾಳಾಗುತ್ತದೆ, ಹಾಳಾದ ಹಲಗೆಯನ್ನು ತೆಗೆದು ಬೇರೆ ಹಾಕುತ್ತಾರೆ. ಹಲಗೆ ಹೊಸದು, ದಾರಿ ಮಾತ್ರ 1920ರದ್ದೇ.

ಇನ್ನು ಸಂಬಂಧದ ಮಾತು. ಪಾರ್ಕಿನ ಎದುರಿಗೆ, ಮೊನಾಂಗಹೇಲಾ ನದಿಯ ಆಚೆ ದಡದಲ್ಲಿ, ಕಾರ್ನೆಗಿಯವರು 1875ರಲ್ಲಿ ಆರಂಭಿಸಿದ ಉಕ್ಕಿನ ಕಾರ್ಖಾನೆಯಿದೆ. ಸ್ಲೋವಾಕಿಯಾ, ಪೋಲೆಂಡ್, ಹಂಗೇರಿ, ಇಟಲಿಗಳಿಂದ ಹೊಟ್ಟೆಪಾಡಿಗೆ ಬಂದವರು ಆ ಕಣಿವೆಯ ಕುಲುಮೆಗಳಲ್ಲಿ ಬೆಂದರು. ನಮ್ಮ ಕಡೆಯವರು ಮುಂಬೈ ಹೋಟೆಲುಗಳಲ್ಲಿ ಲೋಟ ತೊಳೆದಂತೆಯೇ ಅನ್ನಿ. ಅವರು ವರ್ಷಕ್ಕೊಂದು ದಿನ ಕೆನ್ನಿವುಡ್ಡಿನಲ್ಲಿ ಸೇರಿ ತಮ್ಮ ಭಾಷೆ, ಹಾಡು, ಕುಣಿತ, ಊಟದ ‘ನಾಡಿನ ದಿನ’ ಮಾಡುತ್ತಿದ್ದರು. ಸ್ಲೋವಾಕರ ದಿನ 1920ರ ದಶಕದಿಂದಲೇ ನಡೆದು ಬಂದದ್ದು. ಮೊಮ್ಮಕ್ಕಳಿಗೆ ಅಜ್ಜನ ಭಾಷೆ ಬಾರದೆ ಹೋದರೂ ಆ ದಿನಕ್ಕೆ ಬರುವುದನ್ನು ಬಿಡಲಿಲ್ಲ. ಮಕ್ಕಳನ್ನು ಎಳೆದು ತಂದದ್ದು ಭಾಷಣವೋ, ಈ ಮರದ ಕೋಸ್ಟರೋ? ಕೋಸ್ಟರೇ ಅಂತ ನನ್ನ ಅಂದಾಜು.

ಅದೇ ಪಾರ್ಕಿನಲ್ಲಿ 1927ರಲ್ಲಿ ‘ರೇಸರ್’ ಎಂಬ ಇನ್ನೊಂದು ಮರದ ಕೋಸ್ಟರ್ ಬಂತು. ಎರಡು ಗಾಡಿ ಜೊತೆಜೊತೆಯಾಗಿ ಓಡುತ್ತವೆ, ಆದರೆ ಹಳಿ ಒಂದೇ, ಸುತ್ತಿ ಬರುವಂಥದ್ದು. ಎಡಗಡೆ ಹತ್ತಿದವರು ಬಲಗಡೆ ಇಳಿಯುತ್ತಾರೆ. ಊರು ಬಿಟ್ಟವರ ಕಥೆಯೂ ಹೀಗೇ. ನಾವು ಹತ್ತಿದ ಕಟ್ಟೆಯ ಮೇಲೇ ನಮ್ಮ ಮಕ್ಕಳು ಇಳಿಯಲಿ ಅಂತ ಹಟ ಹಿಡಿದರೆ ಆಗದು.

ಮುಂಬೈಯ ನಮ್ಮ ಸಂಘಗಳ ಸಭೆಗಳಲ್ಲಿ ತಲೆ ನೆರೆತವರೇ ಹೆಚ್ಚು. ಮಕ್ಕಳು ಯಾಕೆ ಬರೋದಿಲ್ಲ ಅಂತ ಗೊಣಗುತ್ತೇವೆ. ಅವರಿಗಾಗಿ ನಾವು ಏನಿಟ್ಟಿದ್ದೇವೆ? ಎರಡು ಗಂಟೆ ಭಾಷಣ, ಆಮೇಲೆ ಉಪ್ಪಿಟ್ಟು. ಒಂದು ಜೋಕಾಲಿಯಾದರೂ ಬೇಡವೇ?