ಮುಚ್ಚಿದ ಹಾದಿ

ನಮ್ಮ ಮನೆತನದಲ್ಲಿ ದೊಡ್ಡಮ್ಮನೊಬ್ಬರಿದ್ದರು. ತೊಟ್ಟಿಲ ಶಾಸ್ತ್ರದ ದಿನ ಅವರು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಬನ್ನಿರೆಂದು ಯಾರೂ ಕರೆಯುತ್ತಲೂ ಇರಲಿಲ್ಲ. 'ಬಂಜೆ' ಎಂಬ ಮಾತನ್ನು ಅವರೆದುರು ಆಡಿದವರಿಲ್ಲ. ಆಡದೆಯೇ ಅದು ಮನೆಯ ತುಂಬ ಕೇಳಿಸುತ್ತಿತ್ತು. ಅಶ್ವತ್ಥ ಪ್ರದಕ್ಷಿಣೆ, ನಾಗಪ್ರತಿಷ್ಠೆ, ಹರಕೆ ಎಲ್ಲವೂ ನಡೆದವು. ಅಡ್ಡಿ ದೇಹದ ಯಾವ ಎಡೆಯಲ್ಲಿದೆ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ವೈದ್ಯಶಾಸ್ತ್ರ ಆ ಪ್ರಶ್ನೆಯನ್ನು ಕೇಳಲು ಕಲಿತ ಬಗೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗಬ್ರಿಯೇಲೆ ಫಲೋಪಿಯೋ 1561ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗರ್ಭಕೋಶದ ಇಕ್ಕೆಲದ ನಾಳಗಳನ್ನು ಕಹಳೆಗೆ ಹೋಲಿಸಿ ವರ್ಣಿಸಿದನು. ಅವು ಇಂದಿಗೂ ಅವನ ಹೆಸರನ್ನೇ ಹೊತ್ತಿವೆ. ಆದರೆ ಅವುಗಳ ನಿಜವಾದ ಕೆಲಸ ಅವನಿಗೆ ತಿಳಿಯದು. ಸ್ತನಿಗಳ ಅಂಡವನ್ನು ಫಾನ್ ಬೇರ್ ಗುರುತಿಸಿದ್ದೇ 1827ರಲ್ಲಿ. ಅಂಡವೂ ವೀರ್ಯಾಣುವೂ ಕೂಡುವುದು ನಾಲ್ಕು ಅಂಗುಲದಷ್ಟು ಉದ್ದದ ಈ ನಾಳದಲ್ಲಿಯೇ; ಒಳಪೊರೆಯ ಸೂಕ್ಷ್ಮ ರೋಮಗಳು ಭ್ರೂಣವನ್ನು ಗರ್ಭಕೋಶದತ್ತ ಸಾಗಿಸುತ್ತವೆ. ಸೋಂಕು ತಗುಲಿದರೆ ಈ ಹಾದಿ ಮುಚ್ಚುತ್ತದೆ. ನಮ್ಮ ದೇಶದಲ್ಲಿ ಕ್ಷಯವೂ ಇದಕ್ಕೊಂದು ಮುಖ್ಯ ಕಾರಣ.

ಹಾದಿ ಮುಚ್ಚಿದೆಯೆಂದು ಹೊಟ್ಟೆ ಕೊಯ್ಯದೆ ತಿಳಿಯುವುದು ಹೇಗೆ? ನ್ಯೂಯಾರ್ಕಿನ ವೈದ್ಯ ಇಸಿಡೋರ್ ರೂಬಿನ್ 1920ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದನು. ಗರ್ಭಕೋಶದ ಬಾಯಿಂದ ಅನಿಲವನ್ನು ಹಾಯಿಸುವುದು. ನಾಳ ತೆರೆದಿದ್ದರೆ ಅದು ಉದರಕ್ಕೆ ಸೇರಿ, ಹೆಂಗಸಿನ ಭುಜದಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು. ಆ ನೋವೇ ಶುಭವಾರ್ತೆ! ಶಾಪವೆನಿಸಿದ್ದ ಸಂಗತಿಗೆ ಹೀಗೆ ದೇಹದಲ್ಲೊಂದು ವಿಳಾಸ ದೊರೆಯಿತು.

ಮುಚ್ಚಿದ್ದನ್ನು ತೆರೆಯುವುದೇ ಮುಂದಿನ ಹಂಬಲ. ಶಸ್ತ್ರವೈದ್ಯರು ನಾಳವನ್ನು ಬಿಡಿಸಿದರು, ಹೊಲಿದರು; ಮಾಗಿದ ಗಾಯವೇ ಎಷ್ಟೋ ವೇಳೆ ಅದನ್ನು ಮತ್ತೆ ಮುಚ್ಚಿತು. ಸ್ವೀಡನ್ನಿನ ಕುರ್ಟ್ ಸ್ವೋಲಿನ್ 1967ರಲ್ಲಿ ವರ್ಧಕ ಮಸೂರದ ನೆರವಿನ ಶಸ್ತ್ರಕ್ರಿಯೆಯನ್ನು ನಿರೂಪಿಸಿದನು. 1970ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ವಿನ್ಸ್ಟನ್, ವ್ಯಾಂಕೂವರಿನ ವಿಕ್ಟರ್ ಗೋಮೆಲ್ ಇದನ್ನು ಸೂಕ್ಷ್ಮದರ್ಶಕದಡಿಯ ಕಲೆಯಾಗಿ ಬೆಳೆಸಿದರು. ಕೂದಲಿಗಿಂತ ತೆಳುವಾದ ದಾರ, ಒಣಗಗೊಡದಂತೆ ಸದಾ ತೇವವಾಗಿಟ್ಟ ಅಂಗಾಂಶ, ಆದಷ್ಟೂ ಹಗುರವಾದ ಕೈ. ಸಂತಾನಹರಣಕ್ಕಾಗಿ ಕತ್ತರಿಸಿದ ನಾಳಗಳನ್ನು ಮರುಜೋಡಿಸುವಲ್ಲಿ ಇದು ಚೆನ್ನಾಗಿ ಫಲಿಸಿತು. ರೋಗದಿಂದ ಒಳಪೊರೆಯೇ ಕೆಟ್ಟಲ್ಲಿ ಮಾತ್ರ ಹಾದಿ ತೆರೆದರೂ ಪಯಣ ಸಾಗಲಿಲ್ಲ. ಕೆಲವೊಮ್ಮೆ ಭ್ರೂಣ ನಾಳದಲ್ಲೇ ನಿಂತು ತಾಯಿಯ ಜೀವಕ್ಕೆ ಕುತ್ತು ತಂದಿತು. ಬಿಡಿಸಿದ ಮಾತ್ರಕ್ಕೆ ಜೀವಕಳೆ ಮರಳದು ಎಂಬುದನ್ನು ಶಸ್ತ್ರವೈದ್ಯರು ಒಪ್ಪಬೇಕಾಯಿತು.

ಆಗ ಹಾದಿಯನ್ನೇ ಬಳಸಿ ಹೋಗುವ ವಿಚಾರ ಹುಟ್ಟಿತು. ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಪ್ಯಾಟ್ರಿಕ್ ಸ್ಟೆಪ್ಟೋ, ರಾಬರ್ಟ್ ಎಡ್ವರ್ಡ್ಸ್, ಜೀನ್ ಪರ್ಡಿ ಇವರ ಶ್ರಮದಿಂದ 1978ರ ಜುಲೈ 25ರಂದು ಮೊದಲ ಪ್ರನಾಳ ಶಿಶು ಜನಿಸಿತು. ತಾಯಿ ಲೆಸ್ಲಿ ಬ್ರೌನ್‌ಳ ನಾಳಗಳು ಮುಚ್ಚಿದ್ದವು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ; 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮುಂಬಯಿಯಲ್ಲಿ 1986ರಲ್ಲಿ ಇಂದಿರಾ ಹಿಂದೂಜಾರೊಡನೆ ಇದೇ ಸಾಧನೆಗೆ ಕಾರಣರಾದ ವಿಜ್ಞಾನಿ ಟಿ. ಸಿ. ಆನಂದಕುಮಾರ್, 1997ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಅವರೇ ಎಂದು ಸಾರಿದರು.

ಇವಾವುದೂ ನಮ್ಮ ದೊಡ್ಡಮ್ಮನ ಬಳಿಗೆ ಬರಲಿಲ್ಲ. ರೂಬಿನ್ನನ ಪರೀಕ್ಷೆ ಅವರು ಮದುವೆಯಾಗುವ ಹೊತ್ತಿಗೆ ಹಳೆಯದಾಗಿತ್ತು. ಅವರ ನಾಳಗಳು ಮುಚ್ಚಿದ್ದವೋ ತೆರೆದಿದ್ದವೋ, ಇನ್ನು ತಿಳಿಯುವ ಬಗೆಯಿಲ್ಲ. ದೊಡ್ಡಪ್ಪನವರನ್ನಂತೂ ಪರೀಕ್ಷಿಸಬೇಕೆಂದು ಯಾರಿಗೂ ತೋರಲೇ ಇಲ್ಲ.