ಹಸುವಿಗೂ ಸೌದೆ, ಮೋಟಾರಿಗೂ ಸೌದೆ

ಸೌದೆಯನ್ನು ಒಲೆಗೆ ಹಾಕುವುದು ಎಲ್ಲರಿಗೂ ಗೊತ್ತು. ಆ ಸೌದೆಯನ್ನೇ ಹಸುವಿನ ಗೋದಲಿಗೂ ಹಾಕಬಹುದು, ಪೆಟ್ರೋಲಿನ ಬದಲು ಮೋಟಾರಿಗೂ ತುಂಬಬಹುದು ಎಂದರೆ ನೀವು ನಕ್ಕೀರಿ. ಆದರೆ ಇದು ಅಡುಗೂಲಜ್ಜಿಯ ಕಥೆಯಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸ್ವೀಡನ್ ದೇಶದ ಜನರು ಹೀಗೆ ಮಾಡಿಯೇ ಕಷ್ಟಕಾಲವನ್ನು ದಾಟಿದರು.

1940ರ ಏಪ್ರಿಲ್ 9ರಂದು ಜರ್ಮನಿಯ ಸೈನ್ಯ ಡೆನ್ಮಾರ್ಕ್ ಮತ್ತು ನಾರ್ವೆಗಳ ಮೇಲೆ ಬಿದ್ದಿತು. ಸ್ವೀಡನ್ನಿಗೆ ಪಶ್ಚಿಮದ ಹೆಬ್ಬಾಗಿಲಾಗಿದ್ದ ಸ್ಕಾಗರಾಕ್ ಕಡಲದಾರಿ ಮುಚ್ಚಿತು. ಆ ದೇಶ ಯುದ್ಧಕ್ಕಿಳಿಯಲಿಲ್ಲ. ಆದರೂ ಯುದ್ಧದ ಬಿಸಿ ತಟ್ಟದೆ ಬಿಡಲಿಲ್ಲ. ಹೊರಗಿನಿಂದ ಬರುತ್ತಿದ್ದ ಪೆಟ್ರೋಲು, ದನಗಳ ಹಿಂಡಿ ಎರಡಕ್ಕೂ ಬರ ಬಂದಿತು. ಇತ್ತ ಕಾಗದಕ್ಕಾಗಿ ಮರದ ತಿರುಳನ್ನು ಸಿದ್ಧಮಾಡಿ ಪರದೇಶಗಳಿಗೆ ಮಾರುತ್ತಿದ್ದ ಕಾರ್ಖಾನೆಗಳಿಗೆ ಕೊಳ್ಳುವವರು ಇಲ್ಲವಾದರು. ದನಕ್ಕೆ ಮೇವಿಲ್ಲ, ತಿರುಳಿಗೆ ಗಿರಾಕಿಯಿಲ್ಲ. ಈ ಎರಡು ಇಲ್ಲಗಳನ್ನು ಒಂದುಗೂಡಿಸಿ ಅಲ್ಲಿಯವರು ಒಂದು ಉಂಟನ್ನು ಮಾಡಿಕೊಂಡರು.

ಹುಲ್ಲಿನಲ್ಲಿರುವ ಸೆಲ್ಯುಲೋಸ್ ಎಂಬ ನಾರು ಮರದಲ್ಲಿಯೂ ಇದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ವಾಸಮಾಡುವ ಸೂಕ್ಷ್ಮಜೀವಿಗಳು ಈ ನಾರನ್ನು ಕರಗಿಸಿ ಆಹಾರವಾಗಿಸುತ್ತವೆ. ಹಾಗಾದರೆ ಹಸು ಮರವನ್ನೇ ಏಕೆ ಮೇಯುವುದಿಲ್ಲ? ಮರದಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವೊಂದು ಗಾರೆಯಂತೆ ನಾರನ್ನು ಬಿಗಿದಿಟ್ಟಿರುತ್ತದೆ. ಆ ಜೀವಿಗಳು ಒಳಹೊಗಲಾರವು. ಕಾಗದದ ಕಾರ್ಖಾನೆಯಲ್ಲಿ ಮರದ ಚಕ್ಕೆಗಳನ್ನು ರಾಸಾಯನಿಕ ದ್ರಾವಣದಲ್ಲಿ ಬೇಯಿಸಿದಾಗ ಈ ಗಾರೆ ಕರಗಿ ನಾರು ಉಳಿಯುತ್ತದೆ. ಆ ನಾರನ್ನೇ ಒಣಗಿಸಿ ದನಗಳಿಗೂ ಕುದುರೆಗಳಿಗೂ ತಿನ್ನಿಸಿದರು. ಇದರಿಂದ ಹೊಟ್ಟೆ ತುಂಬಿತು, ಶಕ್ತಿಯೂ ಬಂದಿತು. ಆದರೆ ಹಾಲಿಗೂ ಮೈಗೂ ಬೇಕಾದ ಸಸಾರಜನಕ ಇದರಲ್ಲಿಲ್ಲ. ಅದನ್ನು ಬೇರೆ ಆಹಾರದಿಂದಲೇ ಒದಗಿಸಬೇಕಾಗಿತ್ತು.

ಬೇಯಿಸಿ ಬಸಿದ ಕಟ್ಟನ್ನೂ ಅವರು ಚೆಲ್ಲಲಿಲ್ಲ. ಅದರಲ್ಲಿರುವ ಸಕ್ಕರೆಯನ್ನು ಹುಳಿಸಿ ಮದ್ಯಸಾರ ತೆಗೆಯುವ ಕೆಲಸ ಸ್ಕುಟ್‌ಸ್ಕ್ಯಾರ್ ಎಂಬ ಊರಿನಲ್ಲಿ 1909ರಲ್ಲಿಯೇ ಆರಂಭವಾಗಿತ್ತು. ಆ ಮದ್ಯಸಾರ ಮೋಟಾರಿನ ಇಂಧನಕ್ಕೂ ಸೇರಿತು.

ಇನ್ನು ಸೌದೆಯ ಮೋಟಾರು. ನಮ್ಮ ಪೂರ್ವಿಕರು ಅರಣಿಯನ್ನು ಕಡೆದು ಕಟ್ಟಿಗೆಯಲ್ಲಡಗಿದ ಅಗ್ನಿಯನ್ನು ಹೊರಪಡಿಸಿದರು. ಇವರು ಕಟ್ಟಿಗೆಯಲ್ಲಡಗಿದ ಅನಿಲವನ್ನು ಹೊರಪಡಿಸಿದರು. ಮುಚ್ಚಿದ ಕೊಳವೆಯೊಲೆಯಲ್ಲಿ ಸಾಲದಷ್ಟು ಗಾಳಿ ಕೊಟ್ಟು ಸೌದೆಯನ್ನು ಉರಿಸಿದರೆ ಇಂಗಾಲದ ಮಾನಾಕ್ಸೈಡ್, ಜಲಜನಕ ಮೊದಲಾದ ಉರಿಯುವ ಅನಿಲಗಳು ಹುಟ್ಟುತ್ತವೆ. ಅವನ್ನು ಸೋಸಿ, ತಣಿಸಿ ಎಂಜಿನಿಗೆ ಬಿಟ್ಟರೆ ಗಾಡಿ ಓಡುತ್ತದೆ. ಜಾರ್ಜ್ ಇಂಬೆರ್ ಎಂಬ ಎಂಜಿನಿಯರು 1920ರ ದಶಕದಲ್ಲಿ ಇಂಥ ಒಲೆಯನ್ನು ರೂಪಿಸಿದ್ದನು. ಸುಮಾರು ಮೂರು ಕಿಲೋ ಸೌದೆ ಒಂದು ಲೀಟರು ಪೆಟ್ರೋಲಿಗೆ ಸಮ. ಯುದ್ಧಕಾಲದಲ್ಲಿ ಸ್ವೀಡನ್ನಿನ ಸುಮಾರು 70,000 ವಾಹನಗಳು ಹೀಗೆ ಓಡಿದವು. ಕಷ್ಟವೂ ಉಂಟು: ಎಂಜಿನಿನ ಬಲ ಕುಗ್ಗುತ್ತಿತ್ತು, ದಿನದಿನವೂ ಬೂದಿ ತೆಗೆಯಬೇಕಾಗಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಮಾನಾಕ್ಸೈಡು ಮುಚ್ಚಿದ ಮೋಟಾರುಮನೆಯಲ್ಲಿ ತುಂಬಿಕೊಂಡು ಪ್ರಾಣಗಳನ್ನೂ ತೆಗೆದುಕೊಂಡಿತು.

ಆಗಲೇ ನಮ್ಮ ಮೈಸೂರು ಸೀಮೆಯಲ್ಲಿಯೂ ಪೆಟ್ರೋಲಿಗೆ ಪಡಿತರ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಮಲೆನಾಡಿನ ಏರಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಾಗ ತಾವೂ ಇಳಿದು ತಳ್ಳಿದುದನ್ನು ನಮ್ಮ ಅಜ್ಜ ಹೇಳುತ್ತಿದ್ದರು. “ಕಾಸು ಕೊಟ್ಟು ಹತ್ತಿದ್ದು, ಬೆವರು ಕೊಟ್ಟು ಇಳಿದದ್ದು” ಎಂಬುದು ಅವರ ಮಾತು.

ಯುದ್ಧ ಮುಗಿದು ಪೆಟ್ರೋಲು ಬಂದೊಡನೆ ಸೌದೆಯ ಒಲೆಗಳು ಮೂಲೆ ಸೇರಿದವು. ಆದರೆ ಸ್ವೀಡನ್ ಆ ವಿದ್ಯೆಯನ್ನು ಮರೆಯಲಿಲ್ಲ. ಸೂಯೆಜ್ ಕಾಲುವೆಯ ಬಿಕ್ಕಟ್ಟಿನ ಮರುವರ್ಷ, 1957ರಲ್ಲಿ, ಮುಂದೊಮ್ಮೆ ಬೇಕಾದೀತೆಂದು ಅಲ್ಲಿಯ ಸರ್ಕಾರ ಮತ್ತೆ ಸಂಶೋಧನೆಗೆ ಕೈಹಾಕಿತು.

ಓದುಗರೇ, ಒಂದು ಮಾತನ್ನು ಗಮನಿಸಿ. ಕಡಿದ ಕಾಡನ್ನು ಮತ್ತೆ ಬೆಳೆಸಲೇಬೇಕೆಂಬ ಕಾನೂನನ್ನು ಸ್ವೀಡನ್ 1903ರಲ್ಲಿಯೇ ಮಾಡಿಕೊಂಡಿತ್ತು. ನಮ್ಮಲ್ಲಿಯೂ 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಅನಿಲದಿಂದ ವಿದ್ಯುತ್ತು ಮಾಡಿ ದೀಪ ಹಚ್ಚಿದಾಗ, ಸೌದೆಗೆಂದು ಊರಿನ ಬಳಿ ಮರಗಳನ್ನೂ ಬೆಳೆಸಿದರು. ನೆಟ್ಟವನಿಗೆ ಮರ ಅಕ್ಷಯಪಾತ್ರೆ. ಕಡಿಯುವುದನ್ನು ಮಾತ್ರ ಬಲ್ಲವನಿಗೆ ಅದು ಒಂದು ದಿನದ ಉರಿ. ಮೇವಾಗಲಿ, ಬೆಳಕಾಗಲಿ, ಮರದಿಂದ ಪಡೆಯಬೇಕೆನ್ನುವವರು ಮೊದಲು ಗುದ್ದಲಿ ಹಿಡಿಯಬೇಕು, ಆಮೇಲೆ ಕೊಡಲಿ.